ಮುಂತಜಾದಲ್ಲಿ ಕುಳಿತು ಲಿಸ್ಬನ್ ತೋರಿಸಿದ್ದು

ಯುರೋಪಿಗೆ ಹೊರಟ ನಮ್ಮವರಿಗೆ ವಸತಿ ಹುಡುಕುವಾಗ ನಾನು ಮೊದಲು ನೋಡುವುದು ಅಡುಗೆಮನೆ ಇದೆಯೇ ಎಂದು. ಹಾಸಿಗೆ, ಸ್ನಾನದ ಮನೆ, ಕಿಟಕಿಯ ನೋಟ ಎಲ್ಲ ಆಮೇಲೆ. ನಮ್ಮ ಜನ ಎರಡು ದಿನ ಬ್ರೆಡ್ಡು ತಿಂದಾರು, ಮೂರನೆಯ ದಿನ ಅನ್ನ ಬೇಕು. ಅದರಲ್ಲೂ ಕರಾವಳಿಯವರಾದರೆ ಸೂಟ್‌ಕೇಸಿನಲ್ಲಿ ಸ್ವೆಟರಿಗಿಂತ ಮೊದಲು ಕುಚ್ಚಲಕ್ಕಿ, ಉಪ್ಪಿನಕಾಯಿ, ಪುಟ್ಟದೊಂದು ಕುಕ್ಕರ್ ಸೇರಿರುತ್ತದೆ. ದೋಹಾದ ಅಲ್ ಮುಂತಜಾದಲ್ಲಿ, ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ನಮ್ಮ ಟ್ರಾವೆಲ್ ಆಫೀಸು. ಅದರಲ್ಲಿ ಯುರೋಪ್ ವಿಭಾಗ ಎಂದರೆ ನಾನು, ಎರಡು ಪರದೆಯ ಒಂದು ಕಂಪ್ಯೂಟರ್, ಮತ್ತು ಸದಾ ಗೊರಗುಟ್ಟುವ ಒಂದು ಎಸಿ.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಯುರೋಪಿಗೆ ಹೋದವನಲ್ಲ. ಹದಿನಾಲ್ಕು ವರ್ಷಗಳಲ್ಲಿ ಲಿಸ್ಬನ್, ಪ್ರಾಗ್, ವಿಯೆನ್ನಾಗಳಿಗೆ ಎಷ್ಟೋ ಕುಟುಂಬಗಳನ್ನು ಕಳಿಸಿದ್ದೇನೆ. ನನ್ನ ರಜೆ ಮಾತ್ರ ಮಂಗಳೂರಿನ ವಿಮಾನದಲ್ಲೇ ಮುಗಿಯುತ್ತದೆ. ನಕ್ಷೆ ತೆರೆದು, ಬೀದಿಯ ಫೋಟೊಗಳನ್ನು ಒಂದೊಂದಾಗಿ ಸರಿಸಿ, ಹೋಗಿಬಂದವರು ಬರೆದದ್ದನ್ನು ಓದಿ ಊರು ಕಲಿತವನು ನಾನು. ಯಾರಾದರೂ "ನೀವು ಹೋಗಿದ್ದೀರಲ್ಲ?" ಎಂದು ಕೇಳಿದರೆ ಹೌದು ಎನ್ನುತ್ತಿರಲಿಲ್ಲ, ಇಲ್ಲ ಎಂದೂ ಅನ್ನುತ್ತಿರಲಿಲ್ಲ. "ನದಿ ಹತ್ತಿರ ಗಾಳಿ ಜೋರು, ಶಾಲು ಇಟ್ಕೊಳ್ಳಿ" ಎಂದರೆ ಸಾಕು, ಎದುರಿಗಿದ್ದವರು ತಾವೇ ಹೌದು ಎಂದುಕೊಳ್ಳುತ್ತಿದ್ದರು. ಬರಬರುತ್ತ ನಾಲಿಗೆ ಸಡಿಲವಾಗಿ, ಒಂದೆರಡು ಸಲ "ನಾವು ಹೋದಾಗ" ಎಂಬ ಮಾತೂ ಬಾಯಿಂದ ಜಾರಿತ್ತು. ವ್ಯಾಪಾರಕ್ಕೆ ಅದು ಅನುಕೂಲವೇ ಆಗಿತ್ತು.

ಆ ಸಲದ ಈದ್ ರಜೆಗೆ ಲಿಸ್ಬನ್‌ಗೆ ಹೊರಟದ್ದು ಮೂರು ಕುಟುಂಬ, ಒಂಬತ್ತು ಜನ. ಮುಂದಾಳು ಮೈಸೂರಿನವರು, ಇಲ್ಲಿನ ಒಂದು ಕಂಪನಿಯಲ್ಲಿ ಮ್ಯಾನೇಜರ್. ಇನ್ನೊಂದು ಕುಟುಂಬ ಅವರ ಸಹೋದ್ಯೋಗಿಯದು. ಮೂರನೆಯದು ಗಂಡ ಹೆಂಡತಿ ಇಬ್ಬರೇ, ಮಲ್ಪೆ ಕಡೆಯವರು. ಗಂಡ ದೋಹಾ ಪಕ್ಕದ ಹೊಸ ನಗರ ಲುಸೈಲ್‌ನ ಕಟ್ಟಡಗಳಿಗೆ ನಕ್ಷೆ ಬರೆಯುತ್ತಿದ್ದ ಡ್ರಾಫ್ಟ್ಸ್‌ಮನ್. ಹೆಂಡತಿ ಇಲ್ಲಿಯ ಒಂದು ಶಾಲೆಯಲ್ಲಿ ಇಪ್ಪತ್ತೊಂದು ವರ್ಷ ಸಮಾಜ ವಿಜ್ಞಾನ ಕಲಿಸಿ ಆಗಷ್ಟೇ ನಿವೃತ್ತರಾದವರು. ನನ್ನ ಮಗಳಿಗೂ ಪಾಠ ಮಾಡಿದ್ದರು. ಹಾಗಾಗಿ ನನ್ನ ಬಾಯಲ್ಲೂ ಅವರು ಟೀಚರ್.

ಟೀಚರ್‌ಗೆ ಎಳವೆಯಲ್ಲೇ ಪೋಲಿಯೊ ಬಂದು ಎಡಗಾಲು ಸೊರಗಿತ್ತು. ಕಾಲಿಗೆ ಆಸರೆಯ ಕಬ್ಬಿಣದ ಪಟ್ಟಿ, ಕ್ಯಾಲಿಪರ್; ಕೈಗೆ ಊರುಗೋಲು. ಗಾಲಿಕುರ್ಚಿಯ ಮಾತೆತ್ತಿದರೆ ಅವರಿಗೆ ಆಗದು. ಟಿಕೆಟ್ ಮಾಡಿಸಲು ಬಂದ ದಿನ ಮೇಜಿನ ಎದುರು ನೆಟ್ಟಗೆ ಕುಳಿತು, ಕ್ಲಾಸಿನಲ್ಲಿ ನೋಟ್ಸ್ ಬರೆಸುವ ಧಾಟಿಯಲ್ಲೇ ಹೇಳಿದರು:

"ಸಮತಟ್ಟು ಜಾಗ ಆದ್ರೆ ಅರ್ಧ ಕಿಲೋಮೀಟರ್ ನಡೀತೇನೆ. ಮೆಟ್ಟಿಲು ಆದ್ರೆ ಹತ್ತು ಹನ್ನೆರಡು, ಇವರು ಕೈ ಹಿಡಿದ್ರೆ ಮೂವತ್ತು. ಅದಕ್ಕಿಂತ ಮೇಲೆ ಆಗುದಿಲ್ಲ. ಬರ್ಕೊಳ್ಳಿ."

ಬರೆದುಕೊಂಡೆ. ಅವರಿಗೆ ಲಿಸ್ಬನ್ನಿನಲ್ಲಿ ಬೇಕಾಗಿದ್ದದ್ದು ಒಂದೇ ಜಾಗ. ನಗರದ ಪಶ್ಚಿಮಕ್ಕೆ ಬೆಲೆಂ ಎಂಬಲ್ಲಿ ಟೇಗಸ್ ನದಿಯ ದಂಡೆ. ವಾಸ್ಕೊ ಡ ಗಾಮನ ಹಡಗುಗಳು ಹೊರಟದ್ದು ಅಲ್ಲಿಂದ. ಅವನ ಸಮಾಧಿಯೂ ಅಲ್ಲೇ, ದೊಡ್ಡ ಮಠವೊಂದರ ಒಳಗೆ.

"ನಮ್ಮ ಮಲ್ಪೆ ಕಡಲ ಹತ್ರ ನಿಂತ್ರೆ ಸೈಂಟ್ ಮೇರೀಸ್ ದ್ವೀಪ ಕಾಣ್ತದೆ. ಅವ ಬಂದು ಇಳಿದದ್ದು ಅಲ್ಲಿ ಅಂತ ನಮ್ಮಲ್ಲಿ ಎಲ್ಲರೂ ಹೇಳುದು. ಬಂದ ಜಾಗ ಸಣ್ಣಂದಿನಿಂದ ನೋಡಿ ಆಯ್ತು. ಹೊರಟದ್ದು ಎಲ್ಲಿಂದ ಅಂತ ಒಂದ್ಸಲ ನೋಡ್ಬೇಕು. ಇಷ್ಟು ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದೇನಲ್ಲ."

ಅವರ ಗಂಡನ ಕೆಲಸ ಖಲಾಸ್ ಆಗಿತ್ತು. ತಿಂಗಳ ಕೊನೆಗೆ ಕತಾರಿನ ವಾಸದ ಪರವಾನಗಿ ರದ್ದು, ಆಮೇಲೆ ಊರು. ಆ ಪರವಾನಗಿಯ ಬಲದಿಂದ ಸಿಕ್ಕಿದ ವೀಸಾ ಅದು. ಊರು ಸೇರಿದ ಮೇಲೆ ಮತ್ತೊಮ್ಮೆ ಯುರೋಪು ಎಂಬುದು ಆಗದ ಮಾತೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮನೆ ಹುಡುಕುವ ವೆಬ್‌ಸೈಟಿನಲ್ಲಿ ನಾನು ಎಂದಿನಂತೆ ಮೊದಲು ಅಡುಗೆಮನೆಯ ಗುಂಡಿ ಒತ್ತಿದೆ. ಒಂಬತ್ತು ಜನಕ್ಕೆ ಸಾಲುವ ಮನೆ ನಗರದ ನಡುವೆಯೇ ಸಿಕ್ಕಿತು, ಹಳೆಯ ಕೋಟೆಯ ಪಕ್ಕದ ಗಲ್ಲಿಯಲ್ಲಿ. ನಾಲ್ಕು ಒಲೆಯ ಅಡುಗೆಮನೆ. ಅದಕ್ಕಿಂತ ಹೆಚ್ಚಾಗಿ ಅದು ನೆಲಮಹಡಿ. ಟೀಚರ್‌ಗೆ ಹೇಳಿ ಮಾಡಿಸಿದ ಹಾಗಿದೆ ಎಂದು ನಾನು ನನ್ನ ಬೆನ್ನು ತಟ್ಟಿಕೊಂಡೆ. ವ್ಯಾನ್ ನಿಲ್ಲುವಲ್ಲಿಂದ ಮನೆಗೆ ಇನ್ನೂರ ಹತ್ತು ಮೀಟರ್, ಮೂರು ನಿಮಿಷ ಎಂದು ನಕ್ಷೆ ಹೇಳಿತು. ಕಾರ್ಯಕ್ರಮದ ಪಟ್ಟಿಯಲ್ಲಿ ಅದನ್ನೇ ದಪ್ಪ ಅಕ್ಷರದಲ್ಲಿ ಬರೆದೆ. ಬೆಲೆಂನ ಮಠಕ್ಕೆ ಸೋಮವಾರ ರಜೆ. ಅದನ್ನು ನೆನಪಿಟ್ಟು ಭಾನುವಾರವೇ ಬೆಲೆಂ ಹಾಕಿದೆ. ಅಷ್ಟೆಲ್ಲ ಎಚ್ಚರಿಕೆ ಇದ್ದವನಿಗೆ ಒಂದು ಮಾತ್ರ ಹೊಳೆಯಲಿಲ್ಲ. ಲಿಸ್ಬನ್ ಗುಡ್ಡಗಳ ಊರು ಎಂದು ಓದಿದ್ದೆ, ಹತ್ತು ಜನಕ್ಕೆ ಹೇಳಿಯೂ ಇದ್ದೆ. ಆದರೆ ಕಾರ್ಕಳದಲ್ಲಿ ಗುಡ್ಡ ಹತ್ತಿಳಿದು ಶಾಲೆಗೆ ಹೋದ ನನಗೆ, ಹದಿನಾಲ್ಕು ವರ್ಷ ದೋಹಾದ ಚಪ್ಪಟೆ ನೆಲದ ಮೇಲೆ ಬದುಕಿ, ದೂರ ಬೇರೆ ಎತ್ತರ ಬೇರೆ ಎಂಬುದೇ ಮರೆತುಹೋಗಿತ್ತು. ದೋಹಾದಲ್ಲಿ ಏರು ಎಂದರೆ ಫ್ಲೈಓವರ್.

ಶನಿವಾರ ಅವರು ಅಲ್ಲಿ ಇಳಿದರು. ನಮ್ಮಲ್ಲಿ ಸಂಜೆ ಐದೂವರೆ, ಅಲ್ಲಿ ಎರಡು ಗಂಟೆ ಹಿಂದೆ. ರಜೆಗೆ ಆಫೀಸು ಮುಚ್ಚಿತ್ತು. ಗುಂಪು ಹೊರಗಿರುವಾಗ ಒಬ್ಬರು ಫೋನಿನ ಹತ್ತಿರ ಇರಬೇಕೆಂಬುದು ನಮ್ಮ ನಿಯಮ. ನಮ್ಮ ಆಫೀಸಿನ ಮ್ಯಾನೇಜರ್ ರಜೆಗೆ ಕೇರಳಕ್ಕೆ ಹೋಗುವಾಗ "ಒಂಬತ್ತು ಜನ, ಮೂರು ರಾತ್ರಿ. ಮಾಫಿ ಮುಶ್ಕಿಲ್, ಏನೂ ತೊಂದರೆಯಿಲ್ಲ" ಎಂದು ಭುಜ ತಟ್ಟಿ ಹೋಗಿದ್ದರು. ಹೊರಗೆ ಜೂನ್ ತಿಂಗಳ ಬಿಸಿಲು, ಕೆಳಗಿನ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಫೋನ್ ಹೊಡೆದುಕೊಂಡಿತು. ಮೈಸೂರಿನವರು.

"ಏನ್ ಸ್ವಾಮಿ ಇದು? ಮೂರು ನಿಮಿಷ ಅಂತ ಬರ್ದಿದೀರಿ. ಇಲ್ಲಿ ನೋಡಿದ್ರೆ ಎದುರುಗಡೆ ಗೋಡೆ ಥರ ಮೆಟ್ಟಿಲು ನಿಂತಿದೆ! ವ್ಯಾನಿನವನು ಸಾಮಾನು ಇಳ್ಸಿ ಹೊರಟೇಹೋದ."

"ಎಷ್ಟು ಮೆಟ್ಟಿಲು ಸರ್?"

"ಎಷ್ಟು ಅಂತ ನನ್ನ ಕೇಳ್ತೀರಲ್ರೀ? ನೀವು ಹೋಗಿ ಬಂದೋರು ತಾನೆ?"

ನೂರ ಹದಿನಾರು ಮೆಟ್ಟಿಲು. ಆಮೇಲೆ ಎಣಿಸಿ ಹೇಳಿದ್ದು ಟೀಚರ್ ಅವರೇ. ಎಣಿಸಲು ಅವರಿಗೆ ಬೇಕಾದಷ್ಟು ಹೊತ್ತಿತ್ತು. ಮೊದಲ ಮೂವತ್ತನ್ನು ಗಂಡನ ಕೈ ಹಿಡಿದು ಹತ್ತಿದರು. ಉಳಿದವನ್ನು ಕುಳಿತುಕೊಂಡು, ಹಿಂದಕ್ಕೆ ಕೈ ಊರಿ ಮೈಯನ್ನು ಎತ್ತಿ ಇನ್ನೊಂದು ಮೆಟ್ಟಿಲಿಗೆ ಇಟ್ಟು, ಹಾಗೆ ಹತ್ತಿದರು. ಒಂದು ಗಂಟೆ ಹಿಡಿಯಿತು. ಪ್ರವಾಸಿಗರು ಪಕ್ಕದಲ್ಲಿ ಹತ್ತಿ ಇಳಿಯುತ್ತಿದ್ದರಂತೆ, ಒಬ್ಬಿಬ್ಬರು ಎತ್ತಲು ಬಂದರಂತೆ, ಇವರು ಬೇಡವೆಂದರಂತೆ. ಇದನ್ನೆಲ್ಲ ಮೈಸೂರಿನವರು ನನಗೆ ಒಂದೊಂದಾಗಿ ವರದಿ ಒಪ್ಪಿಸಿದರು, ನಡುನಡುವೆ ಬೈದರು. ಬೈಗುಳ ತಿನ್ನುವುದು ನಮ್ಮ ಕಸುಬಿನಲ್ಲಿ ಹೊಸತಲ್ಲ. ಆದರೆ ಆ ದಿನ ಫೋನಿನ ಇನ್ನೊಂದು ತುದಿಯಲ್ಲಿ, ಅವರ ಬೈಗುಳದ ಹಿಂದೆ, ಕಬ್ಬಿಣದ ಕ್ಯಾಲಿಪರ್ ಕಲ್ಲಿಗೆ ತಾಗುವ ಸದ್ದು ಕೇಳಿಸುತ್ತಿತ್ತು. ನನಗೆ ನಾಚಿಕೆಯಾಯಿತು. ನೆಲಮಹಡಿ ಎಂದು ಹಿಗ್ಗಿದ್ದು ನೆನಪಾಗಿ ತಲೆ ಮೇಲೆ ಕೈ ಹೊತ್ತು ಕುಳಿತೆ.

ಮನೆ ಸೇರಿದ ಮೇಲೆ ಟೀಚರ್ ಹೇಳಿದ್ದು ಒಂದೇ ಮಾತು: "ಇನ್ನು ನಾನು ಇಳಿಯುದಿಲ್ಲ. ನೀವೆಲ್ಲ ಹೋಗಿ ಬನ್ನಿ. ನಾನು ಅನ್ನ ಮಾಡಿ ಇಡ್ತೇನೆ."

ಅಂದು ರಾತ್ರಿಯವರೆಗೂ ಹೋಟೆಲುಗಳಿಗೆ ಫೋನ್ ಮಾಡಿದೆ. ನದಿಯ ಪಕ್ಕದಲ್ಲಿ ಬೈಶಾ ಎಂಬ ಸಮತಟ್ಟು ಪೇಟೆ ಇದೆ. ಅಲ್ಲಿ ಎಲ್ಲಿಯೂ ಒಂದು ಕೋಣೆ ಇರಲಿಲ್ಲ. ಕೊನೆಗೆ ಒಂದು ಸಿಕ್ಕಿತು, ಸೋಮವಾರ ರಾತ್ರಿಗೆ ಮಾತ್ರ. ಸಿಕ್ಕಿ ಏನು ಪ್ರಯೋಜನ? ಅಲ್ಲಿಗೆ ಹೋಗಲಾದರೂ ಇಳಿಯಬೇಕಲ್ಲ. ಮನೆಯ ಒಡತಿಗೆ ಬರೆದೆ. ಮನೆಯಿಂದ ಮೇಲಕ್ಕೆ ಇಪ್ಪತ್ತೆರಡು ಮೆಟ್ಟಿಲು ಹತ್ತಿದರೆ ಕೋಟೆಯನ್ನು ಸುತ್ತುವ ರಸ್ತೆ ಸಿಗುತ್ತದೆ, ಆದರೆ ಆ ಕಡೆಗೆ ಹೊರಗಿನ ವಾಹನ ಬರುವುದು ಕಷ್ಟ ಎಂದು ಉತ್ತರ ಬಂತು.

ಭಾನುವಾರ ಬೆಳಿಗ್ಗೆ ಉಳಿದ ಏಳು ಜನ ಬೆಲೆಂಗೆ ಹೊರಟರು. ಟೀಚರ್ ಮತ್ತು ಅವರ ಗಂಡ ಮನೆಯಲ್ಲಿ. ನಾನು ಮುಂತಜಾದಲ್ಲಿ, ಪರದೆಯ ಮುಂದೆ. ಹಿಂದಿನ ದಿನ ಸರಿಯಾಗಿ ಊಟವಿಲ್ಲ, ಕಣ್ಣು ಉರಿಯುತ್ತಿತ್ತು. ನಕ್ಷೆಯಲ್ಲಿ ಒಂದು ದಾರಿ ಕಂಡಿತು. ಮೇಲಿನ ರಸ್ತೆಯಿಂದ ಬೈಶಾಕ್ಕೆ ಇಳಿಯುವ ಓಣಿ, ಮೆಟ್ಟಿಲಿಲ್ಲದ್ದು. ಒಂಬತ್ತು ನಿಮಿಷ ಎಂದಿತ್ತು. ಫೋಟೊಗಳಲ್ಲಿ ಸಣ್ಣ ಸಣ್ಣ ಬಿಳಿ ಕಲ್ಲು ಹಾಸಿದ ಕಿರಿದಾದ ಓಣಿ. ಇಳಿಜಾರು ಎಷ್ಟೆಂದು ಫೋಟೊ ಹೇಳುವುದಿಲ್ಲ. ಅದನ್ನೇ ಟೀಚರ್ ಫೋನಿಗೆ ಕಳಿಸಿದೆ. ಎರಡೇ ನಿಮಿಷದಲ್ಲಿ ಅವರ ಕರೆ ಬಂತು. ಅಲ್ಲಿ ಹತ್ತು ಗಂಟೆ, ಇಲ್ಲಿ ನಡುಮಧ್ಯಾಹ್ನ.

"ನೋಡಿದೆ. ಆಗ್ತದೋ ಏನೋ. ಇವರು ಒಂದು ಕಡೆ ಹಿಡಿದ್ರೆ ಇನ್ನೊಂದು ಕಡೆ ನಾನು ಗೋಡೆ ಹಿಡಿಯುದು. ಒಂದೇ ಕೇಳ್ಲಿಕ್ಕುಂಟು. ನೀವು ಹೋದಾಗ ಆ ಕಲ್ಲು ಜಾರ್ತಿತ್ತಾ?"

ನನ್ನ ಬಾಯಲ್ಲಿ ಉತ್ತರ ತಯಾರಿತ್ತು. ಇಲ್ಲ ಟೀಚರ್, ಒಣಗಿದ್ದರೆ ಜಾರುವುದಿಲ್ಲ. ಹಾಗೆಂದು ಯಾರೋ ಬರೆದದ್ದನ್ನು ಓದಿದ್ದೆ. ಜಾರುತ್ತದೆ, ಜೋಪಾನ ಎಂದು ಇನ್ಯಾರೋ ಬರೆದದ್ದನ್ನೂ ಓದಿದ್ದೆ. ಇಷ್ಟು ವರ್ಷ ಎರಡರಲ್ಲಿ ಅನುಕೂಲವಾದದ್ದನ್ನು ಆರಿಸಿ ಹೇಳಿ ಬದುಕಿದ್ದೆ. ಜಾರಿದರೆ ಬೀಳುವುದು ಅವರು. ಊರಿಗೆ ಹೊರಡಲು ಮೂರು ವಾರವಿರುವಾಗ, ಇದ್ದ ಒಂದು ಗಟ್ಟಿ ಕಾಲನ್ನೂ ಮುರಿದುಕೊಂಡು ಸ್ಟ್ರೆಚರಿನಲ್ಲಿ ಬರುವುದು ಅವರು.

"ಹಲೋ? ಕೇಳ್ತದಾ?"

"ಟೀಚರ್, ನಾನು ಹೋಗಿಲ್ಲ."

"ಆ ಓಣಿಗಾ?"

"ಲಿಸ್ಬನ್ನಿಗೇ ಹೋಗಿಲ್ಲ. ಯುರೋಪಿಗೇ ಹೋಗಿಲ್ಲ. ಎಲ್ಲ ಇಲ್ಲಿ ಕೂತು ನೋಡಿದ್ದು, ಓದಿದ್ದು. ಕಲ್ಲು ಜಾರ್ತದಾ ಇಲ್ವಾ, ನನಗೆ ಗೊತ್ತಿಲ್ಲ."

ಪಾತ್ರೆಯ ಮುಚ್ಚಳ ಇಟ್ಟ ಸದ್ದು ಕೇಳಿತು. "ಇರಿ" ಎಂದು ಫೋನ್ ಇಟ್ಟರು.

ಅವರು ಮತ್ತೆ ಫೋನ್ ಮಾಡಿದ್ದು ಇಪ್ಪತ್ತು ನಿಮಿಷದ ಮೇಲೆ. ಅಷ್ಟರಲ್ಲಿ ನಾನು ಕೆಲಸ ಬಿಟ್ಟು ಊರಿಗೆ ಹೋಗುವವರೆಗೂ ಯೋಚಿಸಿ ಮುಗಿಸಿದ್ದೆ. ಮೈಸೂರಿನವರಿಗೆ ಗೊತ್ತಾಗುತ್ತದೆ, ಅವರಿಂದ ದೋಹಾದ ನಮ್ಮ ಜನರಿಗೆಲ್ಲ ಗೊತ್ತಾಗುತ್ತದೆ, ಮ್ಯಾನೇಜರ್ ಖಲಾಸ್ ಎನ್ನುತ್ತಾರೆ. ವಿಚಿತ್ರವೆಂದರೆ ಭಯದ ಜೊತೆಗೆ ಒಂದು ಬಗೆಯ ಹಗುರವೂ ಆಗಿತ್ತು. ಎಸಿಯ ಗೊರಗೊರ ಕೇಳುತ್ತ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದೆ.

"ಊಟ ಆಯ್ತಾ?" ಎಂದರು ಟೀಚರ್. ಅಲ್ಲಿಯವರೆಗೆ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದವರು ಈ ಸಲ ತುಳುವಿನಲ್ಲಿ ಕೇಳಿದರು.

ಇಲ್ಲ ಎಂದೆ.

"ಮೊದಲು ಏನಾದರೂ ತಿನ್ನಿ. ನನಗೆ ಕೋಪ ಬಂತು, ಸುಳ್ಳು ಹೇಳುದಿಲ್ಲ. ಇವರ ಹತ್ರ ಬೈದೆ ನಿಮಗೆ. ಆಮೇಲೆ ಯೋಚನೆ ಮಾಡಿದೆ, ನಾನೂ ಇಪ್ಪತ್ತೊಂದು ವರ್ಷ ನೋಡದ ಊರಿನ ಪಾಠ ಮಾಡಿದವಳೇ ಅಲ್ವಾ? ಮಕ್ಕಳು ಕೇಳಿದ್ರೆ ನೋಡಿದ ಹಾಗೆ ಹೇಳ್ತಿದ್ದೆ. ಆದ್ರೆ ನಾನು ಯಾರನ್ನೂ ಮೆಟ್ಟಿಲ ಮೇಲೆ ಕೂರಿಸಿಲ್ಲ."

"ತಪ್ಪಾಯ್ತು ಟೀಚರ್."

"ಆಯ್ತು. ಈಗ ಕೆಲಸ ನೋಡುವ. ಇಲ್ಲಿ ಎದುರು ಮನೆಯಲ್ಲಿ ಒಬ್ರು ಅಜ್ಜಿ ಇದ್ದಾರೆ, ನನಗಿಂತ ನಿಧಾನ ನಡೀತಾರೆ. ಬೆಳಿಗ್ಗೆ ಹೋದವರು ಈಗ ಚೀಲ ತುಂಬ ತರಕಾರಿ ತಂದ್ರು. ಕಿಟಕಿಯಿಂದ ನೋಡಿದೆ, ಕೆಳಗಿನಿಂದ ಬಂದದ್ದಲ್ಲ, ಮೇಲಿನಿಂದ ಇಳಿದು ಬಂದದ್ದು. ಒಂದು ಚೂರೂ ಏದುಸಿರಿಲ್ಲ. ಆ ಅಜ್ಜಿ ಎಲ್ಲಿಂದ ಬಂದ್ರು? ಅದನ್ನು ಹುಡುಕಿ."

ಹದಿನಾಲ್ಕು ವರ್ಷದಲ್ಲಿ ನಾನು ಕೇಳಿಕೊಳ್ಳದ ಪ್ರಶ್ನೆ ಅದು. ಪ್ರವಾಸಿ ಏನು ನೋಡಬೇಕು ಎಂದು ಹುಡುಕಿದ್ದೇನೆಯೇ ಹೊರತು, ಅಲ್ಲಿಯ ಮುದುಕಿ ತರಕಾರಿ ಹೊತ್ತು ಮನೆಗೆ ಹೇಗೆ ಸೇರುತ್ತಾಳೆಂದು ಹುಡುಕಿದವನಲ್ಲ.

ನಕ್ಷೆಯಲ್ಲಿ ಎತ್ತರದ ಗೆರೆಗಳನ್ನು ತೋರಿಸುವ ಬಗೆ ಒಂದಿದೆ; ಅದನ್ನು ತೆರೆದೆ. ಸಮತಟ್ಟಾಗಿ ಕಂಡಿದ್ದ ಊರು ಮಡಿಕೆ ಮಡಿಕೆಯಾಗಿ ಎದ್ದುನಿಂತಿತು. ಟೀಚರ್ ಫೋನನ್ನು ಗಂಡನ ಕೈಗೆ ಕೊಟ್ಟರು. ಇನ್ನು ಅವರದ್ದೇ ಕಸುಬು. ನಾನು ಗೆರೆಗಳ ಮೇಲೆ ಬರೆದಿದ್ದ ಅಂಕಿಗಳನ್ನು ಓದುತ್ತ ಹೋದೆ, ಅವರು ನಾನೇ ಕಳಿಸಿದ್ದ ಕಾರ್ಯಕ್ರಮದ ಹಾಳೆಯ ಬೆನ್ನಿಗೆ ಗುಡ್ಡವನ್ನು ನಡುವೆ ಸೀಳಿದ ಹಾಗೆ ಬರೆಯುತ್ತ ಹೋದರು. ಕೋಟೆಯ ತುದಿ, ಅದರ ಕೆಳಗೆ ಸುತ್ತುರಸ್ತೆ, ಮನೆ, ಎಲ್ಲಕ್ಕಿಂತ ಕೆಳಗೆ ಬೈಶಾ, ನದಿ. ಬರೆದು ಮುಗಿಸಿ ಫೋಟೊ ಕಳಿಸಿದರು. ನನ್ನ ಮೂರು ನಿಮಿಷ, ಒಂಬತ್ತು ನಿಮಿಷಗಳೆಲ್ಲ ಅಲ್ಲಿ ನೆಟ್ಟಗೆ ನಿಂತ ಗೆರೆಗಳಾಗಿದ್ದವು.

"ನೀವು ಹೇಳಿದ ಓಣಿ ಆಗಲೇ ಹೋಗಿ ನೋಡಿ ಬಂದೆ ಮಾರಾಯ್ರೆ," ಎಂದರು. "ನಾನೇ ಎರಡು ಸಲ ಜಾರಿದೆ. ಅದು ಬೇಡ. ಮರ್ತುಬಿಡಿ."

ಇಲ್ಲ ಟೀಚರ್, ಜಾರುವುದಿಲ್ಲ ಎಂದು ಹೇಳಲು ಬಾಯಿ ತೆರೆದಿದ್ದೆನಲ್ಲ.

ಮುಂದೆ ಮೂರು ಗಂಟೆ ಹೀಗೇ ನಡೆಯಿತು. ಸುತ್ತುರಸ್ತೆಯಲ್ಲಿ ಅವರು ಫೋನ್ ಹಿಡಿದು ನಡೆಯುವುದು, ನಾನು ನಕ್ಷೆಯಲ್ಲಿ ಅವರ ನೀಲಿ ಚುಕ್ಕೆಯನ್ನು ಹಿಂಬಾಲಿಸುವುದು. ಒಂದು ಸಲ ಅವರು ಹೋದದ್ದು ಯಾರದೋ ಮನೆಯ ಅಂಗಳಕ್ಕೆ. ನಾಯಿ ಬೊಗಳಿದ್ದು ಮುಂತಜಾಕ್ಕೂ ಕೇಳಿತು. ಇನ್ನೊಂದು ಸಲ ನಾನು ದಾರಿ ಎಂದು ಹೇಳಿದ್ದು ನಲವತ್ತು ಅಡಿ ಕೆಳಗಿನ ಬೀದಿಯಾಗಿತ್ತು. ನಕ್ಷೆಯಲ್ಲಿ ಎರಡೂ ಅಂಟಿಕೊಂಡೇ ಇದ್ದವು. "ಹಾರ್ಬೇಕಾ?" ಎಂದು ಅವರು ನಗಾಡಿದರು. ನನಗೆ ನಗಲು ತ್ರಾಣವಿರಲಿಲ್ಲ.

ಆಗ ಕಂಡಿತು. ನಕ್ಷೆಯನ್ನು ಪೂರ್ತಿ ಹಿಗ್ಗಿಸಿದಾಗ, ರಸ್ತೆಯ ಅಂಚಿನ ಒಂದು ಪಾರ್ಕಿಂಗ್ ಕಟ್ಟಡದ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಲಿಫ್ಟಿನ ಗುರುತು. ಕಟ್ಟಡದ ತಾರಸಿ ಸುತ್ತುರಸ್ತೆಯ ಮಟ್ಟಕ್ಕೆ, ಬುಡ ಕೆಳಗಿನ ಬೀದಿಯ ಮಟ್ಟಕ್ಕೆ. ಅದನ್ನು ಹೇಳಿದೆ. ಅವರು ಹೋದರು. ಐದು ನಿಮಿಷ ಉಸಿರಾಟದ ಸದ್ದಷ್ಟೇ.

"ಉಂಟು ಮಾರಾಯ್ರೆ! ಲಿಫ್ಟ್ ಉಂಟು! ಕೆಳಗೆ ಒಂದು ಸೂಪರ್ ಮಾರ್ಕೆಟ್. ಅಜ್ಜಿಯಂದಿರು ಚೀಲ ಹಿಡ್ಕೊಂಡು ಹತ್ತುತ್ತಾ ಇದ್ದಾರೆ. ಟಿಕೆಟೂ ಇಲ್ಲ, ಎಂತದೂ ಇಲ್ಲ."

ಅಲ್ಲಿಂದ ಹೊರಬಂದು ಬೀದಿ ದಾಟಿದರೆ ಎದುರಿಗೇ ಇನ್ನೊಂದು ಕಟ್ಟಡ, ಅದರೊಳಗೆ ಇನ್ನೊಂದು ಲಿಫ್ಟು. ಅದರ ಬಾಗಿಲು ತೆರೆಯುವುದು ಬೈಶಾದಲ್ಲಿ, ಅಂಗಡಿಗಳ ಸಾಲಿನ ನಡುವೆ. ಅವರು ಎರಡು ಸಲ ಹತ್ತಿ ಇಳಿದರು. ಮನೆಯಿಂದ ಮೇಲಕ್ಕೆ ಇಪ್ಪತ್ತೆರಡು ಮೆಟ್ಟಿಲು, ಕೈ ಹಿಡಿದರೆ ಟೀಚರ್ ಹೇಳಿದ ಲೆಕ್ಕದೊಳಗೇ ಬರುತ್ತದೆ. ಆಮೇಲೆ ಹೆಚ್ಚುಕಡಿಮೆ ಸಮತಟ್ಟು ರಸ್ತೆ, ಲಿಫ್ಟು, ಬೀದಿ, ಲಿಫ್ಟು. ಕೆಳಗೆ ಬೆಲೆಂಗೆ ಹೋಗುವ ಟ್ರಾಮ್. ಹಳೆಯ ಪುಟ್ಟ ಟ್ರಾಮುಗಳ ಮೆಟ್ಟಿಲು ಎತ್ತರ, ಉದ್ದನೆಯ ಹೊಸ ಟ್ರಾಮು ಬರುವವರೆಗೆ ಕಾಯಿರಿ ಎಂದೆ. ಹೇಳಿದ ಮೇಲೆ ಸೇರಿಸಿದೆ: "ಇದು ಓದಿ ಹೇಳಿದ್ದು ಸರ್. ನೀವು ನೋಡಿ ಖಾತ್ರಿ ಮಾಡ್ಕೊಳ್ಳಿ."

ಅಷ್ಟರಲ್ಲಿ ಬೆಲೆಂಗೆ ಹೋದವರು ವಾಪಸು ಹೊರಟಿದ್ದರು. ಅಲ್ಲಿ ಮಧ್ಯಾಹ್ನ ಸರಿದಿತ್ತು, ಟೀಚರ್ ನಡಿಗೆಗೆ ಮಠ ಮುಚ್ಚುವ ಮೊದಲು ತಲುಪುವ ಹಾಗಿರಲಿಲ್ಲ; ಭಾನುವಾರ ಕೈತಪ್ಪಿತ್ತು. ಇನ್ನುಳಿದದ್ದು ಸೋಮವಾರ. ಮಠಕ್ಕೆ ಬೀಗ, ಸಮಾಧಿ ನೋಡುವ ಹಾಗಿಲ್ಲ. ಅದನ್ನೂ ಹೇಳಿದೆ.

"ಮಠ ಮುಚ್ಚಲಿ," ಎಂದರು ಟೀಚರ್. "ನನಗೆ ಬೇಕಾದದ್ದು ನದಿ ದಂಡೆ. ಅದಕ್ಕೆ ಬೀಗ ಹಾಕ್ಲಿಕ್ಕೆ ಆಗುದಿಲ್ಲ."

ಅಂದು ಸಂಜೆ ಮೈಸೂರಿನವರಿಗೂ ನಾನೇ ಫೋನ್ ಮಾಡಿ ಸತ್ಯ ಹೇಳಿದೆ. ಅವರು ಬಿಡಲಿಲ್ಲ, ಚೆನ್ನಾಗಿಯೇ ಉಗಿದರು. "ನೀವು ಹೋಗಿದೀರ ಅಂತ ನಂಬ್ಕೊಂಡು ನಾನು ಮೂರು ಜನಕ್ಕೆ ರೆಕಮೆಂಡ್ ಮಾಡ್ಬಿಟ್ಟಿದೀನಲ್ರೀ" ಎಂದರು. ಆಮೇಲೆ ಅವರು ನಮ್ಮಲ್ಲಿಗೆ ಬಂದಿಲ್ಲ. ಆ ಮೂವರೂ ಬಂದಿಲ್ಲ. ಮ್ಯಾನೇಜರ್ ಮಾತ್ರ ನಾನು ಎಣಿಸಿದ ಹಾಗೆ ಖಲಾಸ್ ಎನ್ನಲಿಲ್ಲ. ಕೇರಳದಿಂದ ಬಂದು, ಎಲ್ಲ ಕೇಳಿ, ಮುಂದಿನ ಗುಂಪಿನ ಫೈಲು ಕೊಟ್ಟರು. ಅದಕ್ಕೆ ಸಂತೋಷಪಡಬೇಕೋ ಬೇಡವೋ ನನಗೆ ಇಂದಿಗೂ ತಿಳಿದಿಲ್ಲ.

ಸೋಮವಾರ ಟೀಚರ್ ಮತ್ತು ಅವರ ಗಂಡ ಒಂಬತ್ತಕ್ಕೆ ಮನೆ ಬಿಟ್ಟರು. ಪ್ರತಿ ಹಂತಕ್ಕೂ ಒಂದು ಮೆಸೇಜು ಬರುತ್ತಿತ್ತು. "ಇಪ್ಪತ್ತೆರಡು ಆಯಿತು." "ಮೊದಲ ಲಿಫ್ಟ್." "ಬೀದಿ ದಾಟಿದೆವು." "ಎರಡನೆಯದು." "ಟ್ರಾಮ್ ಬಿಟ್ಟೆವು, ರಶ್." "ಇನ್ನೊಂದನ್ನೂ ಬಿಟ್ಟೆವು." ಆಮೇಲೆ ಮುಕ್ಕಾಲು ಗಂಟೆ ಏನೂ ಇಲ್ಲ. ನಾನು ಚಹಾ ಮಾಡಿಕೊಂಡೆ, ಕುಡಿಯಲಿಲ್ಲ. ಕಿಟಕಿಯ ಹೊರಗೆ ಮುಂತಜಾದ ಬೀದಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಪರದೆಯಲ್ಲಿ ಬೆಲೆಂನ ದಂಡೆಯನ್ನು ಹಿಗ್ಗಿಸಿ, ಎಲ್ಲಿ ಬೆಂಚು ಇದೆ, ಎಲ್ಲಿ ನೆರಳಿದೆ ಎಂದು ಹುಡುಕುತ್ತ ಕುಳಿತೆ. ಬಿದ್ದರೇನೋ ಎಂಬ ಯೋಚನೆಯನ್ನು ತಳ್ಳಿದಷ್ಟೂ ಅದು ಬಂದು ಎದುರಿಗೆ ಕೂರುತ್ತಿತ್ತು.

ಕೊನೆಗೆ ಕರೆ ಬಂತು, ವಿಡಿಯೊ ಅಲ್ಲ, ಬರೀ ಧ್ವನಿ. ಗಾಳಿ ಭೋರೆನ್ನುತ್ತಿತ್ತು. ಶಾಲು ಇಟ್ಕೊಳ್ಳಿ ಎಂದು ನಾನು ಓದಿ ಹೇಳಿದ್ದು ಅದೊಂದಾದರೂ ನಿಜವಾಗಿತ್ತು.

"ಬಂದೆ," ಎಂದರು ಟೀಚರ್. "ಕೇಳ್ತದಾ? ಇಲ್ಲಿ ಕಡಲು ಇಲ್ಲ."

"ಅದು ನದಿ ಟೀಚರ್."

"ನದಿ ಅಂತ ಗೊತ್ತುಂಟು, ಪುಸ್ತಕದಲ್ಲಿ ಓದಿದ್ದೇನೆ. ಆದ್ರೆ ನಾನು ಬೋರ್ಡಿನ ಮೇಲೆ ಬರೆದದ್ದು ಕಡಲು. ಮಲ್ಪೆಯದ್ದೇ ತೆರೆ, ಮಲ್ಪೆಯದ್ದೇ ಹೊಯಿಗೆ, ಅದರ ಮೇಲೆ ಹಡಗು. ಇಪ್ಪತ್ತೊಂದು ವರ್ಷ ಎಲ್ಲ ಮಕ್ಕಳಿಗೂ ಅದನ್ನೇ ತೋರಿಸಿದೆ. ಇಲ್ಲಿ ನೋಡಿದ್ರೆ ಆಚೆ ದಡ ಕಾಣ್ತದೆ, ಮನೆ ಕಾಣ್ತದೆ. ಹೊರಟವನಿಗೆ ಎರಡೂ ದಡ ಕಾಣ್ತಿತ್ತು ಅಲ್ವಾ? ಕಡಲು ಆಮೇಲೆ ಬಂದದ್ದು."

ಏನು ಹೇಳಬೇಕೆಂದು ತಿಳಿಯದೆ ಸುಮ್ಮನಿದ್ದೆ. ಗೊತ್ತಿಲ್ಲದಾಗ ಸುಮ್ಮನಿರುವುದು ನನಗೆ ಅಭ್ಯಾಸವಿಲ್ಲದ ಕೆಲಸ.

"ನಿಮ್ಮ ಮಗಳಿಗೆ ಹೇಳಿ," ಎಂದರು, "ಟೀಚರ್ ತಪ್ಪು ಬರೆದಿದ್ರು ಅಂತ."

ಮಂಗಳವಾರ ಅವರೆಲ್ಲ ಹಿಂದಿರುಗಿದರು. ಊರಿಗೆ ಹೊರಡುವ ಮೊದಲು ಒಂದು ಬೆಳಿಗ್ಗೆ ಟೀಚರ್ ಆಫೀಸಿಗೆ ಬಂದರು. ನಮ್ಮ ಕಟ್ಟಡದ ಲಿಫ್ಟು ಅಂದು ಕೆಟ್ಟಿರಲಿಲ್ಲ, ದೇವರ ದಯೆ. ಚೀಲದಿಂದ ನಾನು ಕೊಟ್ಟಿದ್ದ ಕಾರ್ಯಕ್ರಮದ ನಾಲ್ಕು ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಉದ್ದಕ್ಕೂ ಕೆಂಪು ಶಾಯಿ. ನನ್ನ "ಮೂರು ನಿಮಿಷ"ವನ್ನು ಹೊಡೆದು "ನೂರ ಹದಿನಾರು ಮೆಟ್ಟಿಲು, ಕಂಬಿ ಎಡಗಡೆ ಮಾತ್ರ" ಎಂದು ಬರೆದಿದ್ದರು. ಎಲ್ಲಿ ಕಲ್ಲು ನುಣುಪಾಗಿದೆ, ಟ್ರಾಮ್ ನಿಲ್ದಾಣದಿಂದ ನದಿಗೆ ಎಷ್ಟು ಹೆಜ್ಜೆ, ದಂಡೆಯ ಯಾವ ಬೆಂಚಿಗೆ ಮಧ್ಯಾಹ್ನ ನೆರಳು ಬರುತ್ತದೆ, ಶೌಚಾಲಯಕ್ಕೆ ಮೆಟ್ಟಿಲಿದೆಯೇ ಇಲ್ಲವೇ, ಒಂದನ್ನೂ ಬಿಟ್ಟಿರಲಿಲ್ಲ. ಹಾಳೆಯ ಬೆನ್ನಲ್ಲಿ ಅವರ ಗಂಡ ಬರೆದ ಗುಡ್ಡ.

"ಇನ್ನು ಯಾರಾದ್ರೂ ನನ್ನಂಥವರು ಹೊರಟ್ರೆ ಇದನ್ನು ಕೊಡಿ," ಎಂದರು. ಊರುಗೋಲು ಊರಿ ಎದ್ದರು. ಲಿಫ್ಟಿನವರೆಗೆ ಜೊತೆಗೆ ಹೋದೆ.

ಆ ಹಾಳೆಗಳು ಈಗ ನನ್ನ ಮೇಜಿನ ಗಾಜಿನ ಕೆಳಗಿವೆ. ನಾನು ಇನ್ನೂ ಅಡುಗೆಮನೆಯ ಗುಂಡಿಯನ್ನೇ ಮೊದಲು ಒತ್ತುತ್ತೇನೆ, ನಮ್ಮ ಜನ ಬದಲಾಗಿಲ್ಲ. ಆಮೇಲೆ ಎತ್ತರದ ಗೆರೆಗಳನ್ನು ತೆರೆಯುತ್ತೇನೆ. ಮನೆಯ ಒಡೆಯರಿಗೆ ಬರೆದು, ನಿಮ್ಮ ಬೀದಿಯ ಮುದುಕಿಯರು ತರಕಾರಿ ತರುವುದು ಯಾವ ದಾರಿಯಲ್ಲಿ ಎಂದು ಕೇಳುತ್ತೇನೆ. ಕೆಲವರು ಉತ್ತರಿಸುವುದಿಲ್ಲ, ಹುಚ್ಚನೆಂದುಕೊ‍ಳ್ಳುತ್ತಾರೇನೋ. ನೀವು ಹೋಗಿದ್ದೀರಾ ಎಂದು ಕೇಳಿದವರಿಗೆ ಇಲ್ಲ ಎನ್ನುತ್ತೇನೆ. ಕೆಲವರು ಎದ್ದು ಬೇರೆ ಆಫೀಸಿಗೆ ಹೋಗುತ್ತಾರೆ. ದಣಿವು ಏನೂ ಕಡಿಮೆಯಾಗಿಲ್ಲ.

ಮೂರನೆಯ ಹಾಳೆಯಲ್ಲಿ ಮಠದ ಬಗ್ಗೆ ನಾನು ಅರ್ಧ ಪುಟ ಬರೆದಿದ್ದೆ. ಒಳಗೆ ಕಂಬಗಳು ಹೇಗಿವೆ, ಸಮಾಧಿಯ ಮೇಲೆ ಬೆಳಕು ಹೇಗೆ ಬೀಳುತ್ತದೆ, ಎಲ್ಲ ಕಂಡವನ ಹಾಗೆ. ಆ ಅರ್ಧ ಪುಟದ ಸುತ್ತ ಟೀಚರ್ ಒಂದು ಕೆಂಪು ಗೆರೆ ಎಳೆದು, ಅಂಚಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದಾರೆ:

"ಇದು ನಾನು ನೋಡಿಲ್ಲ. ನೀವೂ ನೋಡಿಲ್ಲ. ಇಲ್ಲಿ ಜಾಗ ಖಾಲಿ ಬಿಡಿ."